ರಾಹುವಿಗೆ ಹೊಟ್ಟೆ ಇಲ್ಲವಲ್ಲ!

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪತ್ರಗಳು ಒಂದೇ ವಿಷಯದ ಸುತ್ತ ಇದ್ದವು. ಧರ್ಮಗ್ರಂಥದಲ್ಲಿ ಬರೆದದ್ದನ್ನು ಅಕ್ಷರ ಅಕ್ಷರವಾಗಿ ನಂಬಬೇಕಾ? ವಿಜ್ಞಾನ ಬೇರೆ ಹೇಳಿದರೆ ಏನು ಮಾಡಬೇಕು? ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೇ ಅರ್ಧ ಜಾಗ ಹೋಗಿದೆ. ಅದನ್ನು ಮೊಟಕು ಮಾಡಲು ಮನಸ್ಸಾಗಲಿಲ್ಲ.

ಪ್ರಶ್ನೆ: ನನ್ನ ಮಗ ಏಳನೇ ತರಗತಿ. ಗ್ರಹಣ ಅಂದರೆ ನೆರಳು ಅಂತ ಶಾಲೆಯಲ್ಲಿ ಕಲಿತು ಬಂದ. ಅವನ ತಾತ ದಿನಾ ಭಾಗವತ ಓದುತ್ತಾರೆ. ರಾಹು ನುಂಗುವುದೇ ಗ್ರಹಣ, ಅದರಲ್ಲಿ ಬರೆದ ಒಂದೊಂದು ಅಕ್ಷರವೂ ನಿಜ ಅನ್ನುತ್ತಾರೆ. ಮಗ ನನ್ನ ಹತ್ತಿರ ಬಂದು "ಹಾಗಾದ್ರೆ ತಾತ ಓದೋದೆಲ್ಲ ಸುಳ್ಳಾ?" ಅಂದ. ನಾನೇನು ಹೇಳಲಿ?

ಗ್ರಹಣ ಆಗುವುದು ನೆರಳಿನಿಂದ. ಇದನ್ನು ಮೊದಲು ಅವನಿಗೆ ನೇರವಾಗಿ ಹೇಳಿ. ಮಾವನವರಿಗೆ ಬೇಜಾರಾಗುತ್ತದೆ ಅಂತ "ಎರಡೂ ಸರಿ ಮಗಾ" ಅಂದು ಜಾರಿಕೊಳ್ಳಬೇಡಿ. ಹಾಗೆ ಜಾರಿಕೊಂಡರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಆಮೇಲೆ ಅವರು ನಮ್ಮನ್ನು ಕೇಳುವುದನ್ನೇ ಬಿಡುತ್ತಾರೆ.

ಆದರೆ "ಸುಳ್ಳಾ?" ಅನ್ನುವುದಕ್ಕೆ ಉತ್ತರ ಅಷ್ಟು ಸುಲಭವಲ್ಲ. ಇಲ್ಲಿ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ಅದನ್ನು ಹೇಳಿಬಿಡುತ್ತೇನೆ.

ನಾನು ವಿಜ್ಞಾನದ ಟೀಚರ್ ಆಗಿದ್ದವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಕ್ಲಾಸಿನಲ್ಲಿ "ಚಂದ್ರಗ್ರಹಣ ಹೇಗೆ ಆಗುತ್ತೆ?" ಅಂತ ಕೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಕೈ ಎತ್ತಿದಳು. "ರಾಹು ಚಂದ್ರನ್ನ ನುಂಗ್ತಾನೆ ಮಿಸ್. ಆದ್ರೆ ಅವನಿಗೆ ಬರೀ ತಲೆ, ಹೊಟ್ಟೆ ಇಲ್ವಲ್ಲ, ಅದಕ್ಕೆ ಚಂದ್ರ ಕುತ್ತಿಗೆಯಿಂದ ಹೊರಗೆ ಬಂದ್ಬಿಡ್ತಾನೆ." ನಾನು ನಕ್ಕೆ. ಟೀಚರೇ ನಕ್ಕ ಮೇಲೆ ಕೇಳಬೇಕಾ, ಕ್ಲಾಸಿಗೆ ಕ್ಲಾಸೇ ನಕ್ಕಿತು. ಆ ವರ್ಷ ಪೂರ್ತಿ ಅವಳು ಇನ್ನೊಮ್ಮೆ ಕೈ ಎತ್ತಲಿಲ್ಲ.

ಅವಳು ಹೇಳಿದ್ದು ಎಷ್ಟು ಚೆನ್ನಾಗಿತ್ತು ಅಂತ ನನಗೆ ಹೊಳೆಯುವಷ್ಟರಲ್ಲಿ ಅವಳು ಶಾಲೆ ಮುಗಿಸಿ ಹೋಗಿದ್ದಳು. ನೀವೇ ಯೋಚನೆ ಮಾಡಿ. ಗ್ರಹಣ ನೋಡುವವರಿಗೆ ಎರಡು ಪ್ರಶ್ನೆ ಬರುತ್ತವೆ. ಚಂದ್ರ ಯಾಕೆ ಮಾಯವಾದ? ಮತ್ತೆ ಹೇಗೆ ವಾಪಸ್ ಬಂದ? ಸಮುದ್ರಮಥನದ ಕಥೆ ಎರಡಕ್ಕೂ ಉತ್ತರ ಕೊಡುತ್ತದೆ. ದೇವತೆಗಳ ಸಾಲಿನಲ್ಲಿ ವೇಷ ಮರೆಸಿ ಕೂತ ಅಸುರನನ್ನು ಸೂರ್ಯ ಚಂದ್ರರು ತೋರಿಸಿಕೊಟ್ಟರು. ಅಮೃತ ಗಂಟಲಿನಿಂದ ಕೆಳಗೆ ಇಳಿಯುವ ಮೊದಲೇ ವಿಷ್ಣುವಿನ ಚಕ್ರ ಕುತ್ತಿಗೆಗೆ ಬಿತ್ತು. ಅಮೃತ ಮುಟ್ಟಿದ ತಲೆ ಸಾಯಲಿಲ್ಲ. ಚಾಡಿ ಹೇಳಿದವರ ಮೇಲೆ ಅದಕ್ಕೆ ಇವತ್ತಿಗೂ ಸಿಟ್ಟು. ಹಿಡಿಯುತ್ತದೆ, ನುಂಗುತ್ತದೆ, ಹೊಟ್ಟೆ ಇಲ್ಲದ್ದರಿಂದ ಉಳಿಸಿಕೊಳ್ಳಲು ಆಗುವುದಿಲ್ಲ. ಆಕಾಶವನ್ನು ಗಮನವಿಟ್ಟು ನೋಡಿದ ಜನ ಕಟ್ಟಿದ ಕಥೆ ಇದು. ಪೆದ್ದರು ಕಟ್ಟಿದ ಕಥೆಯಲ್ಲ.

ಹಾಗಂತ ಅದು ಗ್ರಹಣದ ಕಾರಣ ಅಲ್ಲ. ಇದನ್ನು ಮೊದಲು ಹೇಳಿದ್ದು ಇವತ್ತಿನ ಶಾಲೆಯ ಪಾಠಪುಸ್ತಕವೂ ಅಲ್ಲ. ಆರ್ಯಭಟ ಕ್ರಿ.ಶ. 499ರ ಕಾಲದವನು. ಆಗ ಅವನಿಗೆ 23 ವರ್ಷ. ಸೂರ್ಯನನ್ನು ಚಂದ್ರ ಮುಚ್ಚುತ್ತಾನೆ, ಚಂದ್ರನನ್ನು ಭೂಮಿಯ ದೊಡ್ಡ ನೆರಳು ಮುಚ್ಚುತ್ತದೆ ಅಂತ ಅವನು ಸಂಸ್ಕೃತ ಶ್ಲೋಕದಲ್ಲೇ ಬರೆದಿಟ್ಟ. ಮುಂದಿನ ಶತಮಾನದಲ್ಲಿ ವರಾಹಮಿಹಿರ ಇನ್ನೊಂದು ಚೆಂದದ ಮಾತು ಸೇರಿಸಿದ. ಚಂದ್ರಗ್ರಹಣ ಯಾವತ್ತೂ ಚಂದ್ರನ ಪಶ್ಚಿಮದ ಅಂಚಿನಿಂದ ಶುರುವಾಗುವುದಿಲ್ಲ, ಸೂರ್ಯಗ್ರಹಣ ಸೂರ್ಯನ ಪೂರ್ವದ ಅಂಚಿನಿಂದ ಶುರುವಾಗುವುದಿಲ್ಲ ಅಂದ. ಚಂದ್ರ ಪೂರ್ವದ ಕಡೆಗೆ ಸಾಗುತ್ತಾ ಹೋಗಿ ನೆರಳಿಗೆ ಹೊಗುತ್ತಾನೆ. ಹಾಗಾಗಿ ಅವನ ಪೂರ್ವದ ಅಂಚು ಮೊದಲು ಕಪ್ಪಾಗುತ್ತದೆ. ಅದೇ ಚಂದ್ರ ಸೂರ್ಯನ ಮುಂದೆ ಬರುವಾಗ ಸೂರ್ಯನ ಪಶ್ಚಿಮದ ಅಂಚು ಮೊದಲು ಮರೆಯಾಗುತ್ತದೆ. ಬಾಯಿ ತೆರೆದುಕೊಂಡು ಬರುವ ರಾಹುವಿಗೆ ಈ ನಿಯಮ ಯಾಕೆ ಬೇಕು?

ಇಲ್ಲಿ ಇನ್ನೊಂದು ಮಾತು. ಆರ್ಯಭಟ ಅದೇ ಶ್ಲೋಕದಲ್ಲಿ ಚಂದ್ರ ಅಂದರೆ ನೀರು ಅಂತಲೂ ಹೇಳಿದ್ದಾನೆ. ಅದು ತಪ್ಪು. ಚಂದ್ರ ಕಲ್ಲು, ಧೂಳು. ಒಂದೇ ಶ್ಲೋಕದ ಒಂದು ಮಾತು ಸರಿ, ಒಂದು ಮಾತು ತಪ್ಪು. ಆರ್ಯಭಟ ಹೇಳಿದ ಅಂತ ನೆರಳಿನ ಮಾತನ್ನು ನಾವು ಒಪ್ಪುವುದಿಲ್ಲ. ನೋಡಿದರೆ ಹಾಗೇ ಕಾಣುತ್ತದೆ, ಲೆಕ್ಕ ಹಾಕಿದರೆ ಹೊತ್ತಿಗೆ ಸರಿಯಾಗಿ ಗ್ರಹಣ ಬರುತ್ತದೆ, ಅದಕ್ಕೆ ಒಪ್ಪುತ್ತೇವೆ. ಪುರಾಣವನ್ನು ಬಿಟ್ಟು ಆರ್ಯಭಟನನ್ನು ಪುರಾಣ ಮಾಡಿಕೊಂಡರೆ ಏನೂ ಬದಲಾಗಲಿಲ್ಲ, ಅಲ್ವಾ?

ಆಮೇಲೆ 628ರಲ್ಲಿ ಬ್ರಹ್ಮಗುಪ್ತ ಬಂದ. ತುಂಬಾ ದೊಡ್ಡ ಗಣಿತಜ್ಞ. ಅವನು ತನ್ನ ಗ್ರಂಥದಲ್ಲಿ ಗ್ರಹಣವನ್ನು ನೆರಳಿನ ಲೆಕ್ಕದಿಂದಲೇ ಕಂಡುಹಿಡಿಯುತ್ತಾನೆ. ಆದರೂ ಅದೇ ಗ್ರಂಥದಲ್ಲಿ, ರಾಹು ಕಾರಣವಲ್ಲ ಅನ್ನುವುದು ವೇದಕ್ಕೂ ಸ್ಮೃತಿಗೂ ವಿರುದ್ಧ ಅಂತ ಆರ್ಯಭಟನನ್ನು, ವರಾಹಮಿಹಿರನನ್ನು ಬೈಯುತ್ತಾನೆ. ಹನ್ನೊಂದನೇ ಶತಮಾನದಲ್ಲಿ ಇದನ್ನು ಓದಿದ ಮಧ್ಯ ಏಷ್ಯಾದ ವಿದ್ವಾಂಸ ಅಲ್ಬೆರೂನಿ ನೊಂದುಕೊಂಡ. ಇಷ್ಟು ತಿಳಿದವನು ಹೀಗೆ ಬರೆಯಬೇಕಾದರೆ, ನಂಬಿದ್ದನ್ನು ಹೇಳಿ ವಿಷ ಕುಡಿಯಬೇಕಾದ ಸಾಕ್ರೆಟೀಸನಿಗೆ ಬಂದಂಥ ಗತಿ ಅವನಿಗೂ ಎದುರಾಗಿತ್ತೋ ಏನೋ ಅನ್ನುವ ಅರ್ಥದಲ್ಲಿ ಬರೆದ. ನಿಮ್ಮ ಮಗನನ್ನು ನೆನೆದು ನನಗೆ ಹೆದರಿಕೆ ಆಗುವುದು ಇದಕ್ಕೇ. ಪರೀಕ್ಷೆಯಲ್ಲಿ ನೆರಳು ಅಂತ ಬರೆದು ಮನೆಯಲ್ಲಿ ರಾಹು ಅನ್ನುವ ಹುಡುಗ ಆಗಬಾರದು ಅವನು.

ನನ್ನ ಅಪ್ಪನೂ ಭಾಗವತ ಓದುತ್ತಿದ್ದರು. ಐದನೇ ಸ್ಕಂಧದಲ್ಲಿ ಲೋಕಗಳ ಅಳತೆ ಬರುತ್ತದೆ. ಜಂಬೂದ್ವೀಪ ಲಕ್ಷ ಯೋಜನ ಅಗಲ, ನಡುವೆ ಮೇರು ಪರ್ವತ, ಹೀಗೆ. ಅದರಲ್ಲಿ ಒಂದು ಕಡೆ ಚಂದ್ರ ಸೂರ್ಯನಿಗಿಂತ ಲಕ್ಷ ಯೋಜನ ಮೇಲಿದ್ದಾನೆ ಅಂತ ಇದೆ. ಆಗ ನಾನು ಎಂಟನೇ ತರಗತಿ. "ಅಪ್ಪಾ, ಚಂದ್ರ ಸೂರ್ಯನಿಗಿಂತ ಆಚೆ ಇದ್ರೆ ಸೂರ್ಯನ್ನ ಹೇಗೆ ಮುಚ್ತಾನೆ?" ಅಂದೆ. ಅಪ್ಪ ಓದು ನಿಲ್ಲಿಸಿದರು. ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು "ಹೊಂದೋದಿಲ್ಲ ಕಣಮ್ಮ" ಅಂದರು. ಅಷ್ಟೇ. ಕನ್ನಡಕ ಸರಿಮಾಡಿಕೊಂಡು ಮುಂದಿನ ಸಾಲಿಗೆ ಹೋದರು. ಅವರು ನನ್ನನ್ನು ಗದರಲಿಲ್ಲ. ಯೋಜನ ಅಂದರೆ ಬೇರೆ ಅರ್ಥ, ಮೇಲೆ ಅಂದರೆ ಬೇರೆ ಅರ್ಥ ಅಂತ ತಿರುಚಲೂ ಇಲ್ಲ. ನಮ್ಮಿಂದ ಚಂದ್ರನಿಗೆ ಸುಮಾರು 3,84,000 ಕಿಲೋಮೀಟರ್. ಸೂರ್ಯನಿಗೆ ಸುಮಾರು 15 ಕೋಟಿ ಕಿಲೋಮೀಟರ್. ಅಪ್ಪನಿಗೆ ಈ ಅಂಕಿ ಗೊತ್ತಿತ್ತೋ ಇಲ್ಲವೋ. ಸೂರ್ಯಗ್ರಹಣ ನೋಡಿದ್ದರು, ಅದು ಸಾಕಾಗಿತ್ತು. ಮರುದಿನ ಬೆಳಿಗ್ಗೆ ಎಂದಿನ ಹಾಗೆ ಅದೇ ಪುಸ್ತಕ ತೆಗೆದು ಕೂತರು.

ನಿಮ್ಮ ಮಗನಿಗೆ ಇನ್ನೊಂದು ವಿಷಯ ಹೇಳಿ, ಅವನಿಗೆ ಇಷ್ಟವಾಗುತ್ತದೆ. ರಾಹು ಎಲ್ಲಿಗೂ ಹೋಗಿಲ್ಲ. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಅದಕ್ಕೇ ಪ್ರತಿ ಹುಣ್ಣಿಮೆಗೂ ಗ್ರಹಣ ಆಗುವುದಿಲ್ಲ. ಆ ಎರಡು ದಾರಿಗಳು ಎರಡು ಕಡೆ ಒಂದನ್ನೊಂದು ದಾಟುತ್ತವೆ. ನಮ್ಮ ಜ್ಯೋತಿರ್ಗಣಿತದವರು ಆ ಎರಡು ಬಿಂದುಗಳಿಗೇ ರಾಹು, ಕೇತು ಅಂತ ಹೆಸರಿಟ್ಟರು. ಆ ಬಿಂದುಗಳು ಹಿಮ್ಮುಖವಾಗಿ ಸರಿಯುತ್ತಾ ಸುಮಾರು 18.6 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತವೆ. ಹುಣ್ಣಿಮೆಯ ಚಂದ್ರ ಆ ಬಿಂದುವಿನ ಹತ್ತಿರ ಇದ್ದರೆ ಗ್ರಹಣ, ದೂರ ಇದ್ದರೆ ಇಲ್ಲ. ಕಥೆಯ ಹೆಸರನ್ನು ಇಟ್ಟುಕೊಂಡೇ ಅವರು ಲೆಕ್ಕ ಮಾಡಿದರು.

ಮುಂದಿನ ಚಂದ್ರಗ್ರಹಣ ಕಂಡಾಗ ತಾತನನ್ನೂ ಮೊಮ್ಮಗನನ್ನೂ ಒಟ್ಟಿಗೆ ಕೂರಿಸಿ. ಚಂದ್ರಗ್ರಹಣವನ್ನು ಬರಿಗಣ್ಣಿನಿಂದ ನೋಡಬಹುದು, ಏನೂ ಆಗುವುದಿಲ್ಲ. ಕಾಲು ಗಂಟೆಗೊಮ್ಮೆ ನೆರಳಿನ ಅಂಚನ್ನು ಕಾಗದದ ಮೇಲೆ ಬರೆಯಲು ಮಗನಿಗೆ ಹೇಳಿ. ಪ್ರತಿ ಸಲವೂ ಅಂಚು ಬಾಗಿರುತ್ತದೆ. ಅದು ನಾವು ನಿಂತಿರುವ ಭೂಮಿಯ ಅಂಚು. ಅವನು ಬರೆಯುತ್ತಿರುವಾಗ ತಾತ ಸಮುದ್ರಮಥನದ ಕಥೆ ಹೇಳಲಿ. ಕಥೆಯನ್ನು ಅವರು ನಿಮಗಿಂತ ಚೆನ್ನಾಗಿ ಹೇಳುತ್ತಾರೆ.

ಪ್ರಶ್ನೆ: ಒಂದು ಕಲ್ಪ ಅಂದರೆ 432 ಕೋಟಿ ವರ್ಷ. ಭೂಮಿಯ ವಯಸ್ಸು 454 ಕೋಟಿ ವರ್ಷ ಅಂತ ವಿಜ್ಞಾನಿಗಳು ಈಗ ಹೇಳುತ್ತಾರೆ. ಋಷಿಗಳಿಗೆ ಇದು ಮೊದಲೇ ಗೊತ್ತಿತ್ತು ಅಂತ ಒಪ್ಪಲು ನಿಮಗೇನು ಕಷ್ಟ?

ಕಷ್ಟ ಇರುವುದು ಲೆಕ್ಕದಲ್ಲಿ. ಪುರಾಣದ ಲೆಕ್ಕವನ್ನೇ ಕೊನೆಯವರೆಗೆ ಮಾಡೋಣ ಬನ್ನಿ.

432 ಕೋಟಿ ಅನ್ನುವುದು ಬ್ರಹ್ಮನ ಒಂದು ಪೂರ್ತಿ ಹಗಲಿನ ಉದ್ದ. ಇಲ್ಲಿವರೆಗೆ ಕಳೆದ ಕಾಲ ಅದಲ್ಲ. ಆ ಹಗಲಿನಲ್ಲಿ 14 ಮನ್ವಂತರಗಳು. ನಾವಿರುವುದು ಏಳನೆಯದರಲ್ಲಿ. ಸಂಕಲ್ಪದಲ್ಲೇ ಬರುತ್ತದಲ್ಲ, ಶ್ವೇತವರಾಹಕಲ್ಪ, ವೈವಸ್ವತ ಮನ್ವಂತರ, ಇಪ್ಪತ್ತೆಂಟನೇ ಮಹಾಯುಗದ ಕಲಿಯುಗ ಅಂತ. ಕಳೆದ ಆರು ಮನ್ವಂತರ, ನಡುವಿನ ಸಂಧಿಕಾಲ, ಈಗಿನ ಮನ್ವಂತರದಲ್ಲಿ ಮುಗಿದ 27 ಮಹಾಯುಗ, ಅದರ ಮೇಲೆ ಕೃತ ತ್ರೇತಾ ದ್ವಾಪರ, ಕಲಿಯ 5 ಸಾವಿರ ಚಿಲ್ಲರೆ ವರ್ಷ. ಎಲ್ಲ ಕೂಡಿದರೆ ಸುಮಾರು 197 ಕೋಟಿ ವರ್ಷ. ಅಂದರೆ ಪುರಾಣದ ಪ್ರಕಾರ ಈ ಸೃಷ್ಟಿಗೆ ಆದ ವಯಸ್ಸು 197 ಕೋಟಿ. ಭೂಮಿಯ ವಯಸ್ಸು 454 ಕೋಟಿ. ಹೊಂದುವುದಿಲ್ಲ. ಅರ್ಧವೂ ಆಗುವುದಿಲ್ಲ.

ಹತ್ತಿರ ಬಂದ ಒಂದು ಅಂಕಿಯನ್ನು ಎತ್ತಿಕೊಂಡು ಪಕ್ಕದ ಅಂಕಿಯನ್ನು ಬಿಟ್ಟರೆ ಅದು ಗ್ರಂಥಕ್ಕೆ ತೋರಿಸುವ ಗೌರವ ಅಲ್ಲ. ಗ್ರಂಥವನ್ನು ಓದಿಯೇ ಇಲ್ಲ ಅಂತ ಅರ್ಥ. 454 ಕೋಟಿ ಎಲ್ಲಿಂದ ಬಂತು ಅನ್ನುವುದನ್ನೂ ನೋಡಿ. 1956ರಲ್ಲಿ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಉಲ್ಕೆಗಳಲ್ಲಿರುವ ಸೀಸವನ್ನು ಅಳೆದ. ಯುರೇನಿಯಂ ಒಂದು ಗೊತ್ತಾದ ವೇಗದಲ್ಲಿ ಸವೆದು ಸೀಸವಾಗುತ್ತದೆ. ಎಷ್ಟು ಸೀಸ ಸೇರಿದೆ ಅಂತ ನೋಡಿದರೆ ಎಷ್ಟು ಕಾಲ ಆಗಿದೆ ಅಂತ ತಿಳಿಯುತ್ತದೆ. ಅವನಿಗೆ ಸಿಕ್ಕಿದ್ದು ಸುಮಾರು 455 ಕೋಟಿ. ಬೇರೆಯವರು ಬೇರೆ ಕಲ್ಲುಗಳಲ್ಲಿ ಅಳೆದರೂ ಅದರ ಆಸುಪಾಸಿಗೇ ಬಂತು. ಕಲ್ಪದ ಲೆಕ್ಕಕ್ಕೆ ಇಂಥ ಅಳತೆಯ ದಾರಿ ಯಾವುದೂ ಗ್ರಂಥದಲ್ಲಿ ಇಲ್ಲ. ಅದು ಯುಗಗಳನ್ನು ಗುಣಿಸುತ್ತಾ ಹೋದ ಲೆಕ್ಕ.

ಆದರೂ ಕಲ್ಪ ನನಗೆ ಇಷ್ಟ. ಮನುಷ್ಯನ ಆಯಸ್ಸಿನಿಂದ ಶುರು ಮಾಡಿ ಕೋಟಿ ಕೋಟಿ ವರ್ಷದವರೆಗೆ ಮನಸ್ಸನ್ನು ಹಿಗ್ಗಿಸಿದವರು ಯಾರೋ ಇದ್ದರಲ್ಲ! ನಮ್ಮ ಕಾಲ ಎಷ್ಟು ಚಿಕ್ಕದು ಅಂತ ತೋರಿಸಲು ಆ ಅಂಕಿಗಳು ಬಂದವು. ಆ ಕೆಲಸವನ್ನು ಅವು ಈಗಲೂ ಚೆನ್ನಾಗಿ ಮಾಡುತ್ತವೆ.

ಪ್ರಶ್ನೆ: ಪುಷ್ಪಕ ವಿಮಾನ ನಿಜವಾಗಿ ಹಾರಿತ್ತಾ?

ರಾಮಾಯಣದ ಪುಷ್ಪಕ ಒಡೆಯನ ಮನಸ್ಸು ಬಯಸಿದ ಕಡೆಗೆ ಹೋಗುತ್ತದೆ. ಎಂಜಿನ್ ಬಗ್ಗೆ ಕವಿ ಒಂದು ಮಾತೂ ಹೇಳಿಲ್ಲ. ಅವನಿಗೆ ಅದು ಬೇಕಿರಲಿಲ್ಲ. ಎಂಜಿನ್ ವಿವರ ಇದೆ ಅಂತ ಜನ ತೋರಿಸುವುದು ವೈಮಾನಿಕ ಶಾಸ್ತ್ರ ಅನ್ನುವ ಬೇರೆ ಪುಸ್ತಕವನ್ನು. ಅದನ್ನು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಕೂತು ಪರಿಶೀಲಿಸಿದರು. ಅದು ಇಪ್ಪತ್ತನೇ ಶತಮಾನದ ಬರಹ, ಅದರಲ್ಲಿರುವ ಯಂತ್ರಗಳು ಹಾರುವುದಿಲ್ಲ ಅಂತ ಬರೆದರು. ರಾಮಾಯಣ ಅದರಿಂದ ಏನನ್ನೂ ಕಳೆದುಕೊಂಡಿಲ್ಲ.

ಪ್ರಶ್ನೆ: ನಾವು ಕ್ರೈಸ್ತರು. ಆರು ದಿನದಲ್ಲಿ ಲೋಕ ಸೃಷ್ಟಿಯಾಯಿತು ಅನ್ನುವುದನ್ನು ಅಕ್ಷರಶಃ ನಂಬದಿದ್ದರೆ ವಿಶ್ವಾಸ ಹೋದ ಹಾಗೆ ಅಂತ ಒಬ್ಬ ಹಿರಿಯರು ಹೇಳಿದರು. ನಾನು ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಿದ್ದೇನೆ. ರಾತ್ರಿ ನಿದ್ದೆ ಬರುತ್ತಿಲ್ಲ.

ನಿಮ್ಮ ಪತ್ರ ಓದಿ ತುಂಬಾ ಹೊತ್ತು ಕೂತಿದ್ದೆ. ಈ ಪ್ರಶ್ನೆಯನ್ನು ಎತ್ತಿದವರಲ್ಲಿ ನೀವು ಮೊದಲಿಗರಲ್ಲ. ಬೈಬಲಿನ ಆದಿಕಾಂಡದಲ್ಲಿ ಸೂರ್ಯ ಹುಟ್ಟುವುದು ನಾಲ್ಕನೇ ದಿನ. ಹಾಗಾದರೆ ಮೊದಲ ಮೂರು ದಿನದ ಸಂಜೆ, ಬೆಳಿಗ್ಗೆ ಎಂಥವು? ಇದನ್ನು ಕೇಳಿಕೊಂಡವರು ಸಂತ ಅಗಸ್ಟೀನ್, ಐದನೇ ಶತಮಾನದ ಆರಂಭದಲ್ಲಿ. ಅವರು ಇನ್ನೂ ಒಂದು ಎಚ್ಚರಿಕೆ ಕೊಟ್ಟರು. ಭೂಮಿ, ಆಕಾಶ, ನಕ್ಷತ್ರಗಳ ಬಗ್ಗೆ ಕ್ರೈಸ್ತನಲ್ಲದವನಿಗೂ ಚೆನ್ನಾಗಿ ಗೊತ್ತಿರುತ್ತದೆ. ಅವನ ಮುಂದೆ ನಾವು ಬೈಬಲಿನ ಹೆಸರಿನಲ್ಲಿ ಅಸಂಬದ್ಧ ಮಾತಾಡಿದರೆ, ಬೇರೆ ವಿಷಯಗಳಲ್ಲಿ ಅವನು ಬೈಬಲನ್ನು ಹೇಗೆ ನಂಬುತ್ತಾನೆ ಅಂತ. ನಿಮ್ಮ ಹಿರಿಯರಿಗೆ ಇದನ್ನು ಪ್ರೀತಿಯಿಂದ ಓದಿ ಹೇಳಿ.

ಭೂಮಿಗೆ ಆರು ಸಾವಿರ ವರ್ಷ ಅನ್ನುವ ಅಂಕಿ ಬೈಬಲಿನಲ್ಲಿ ಎಲ್ಲೂ ಇಲ್ಲ. 1650ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ವಂಶಾವಳಿಗಳನ್ನು ಕೂಡಿ ಕ್ರಿ.ಪೂ. 4004 ಅಂತ ಲೆಕ್ಕ ಹಾಕಿದ. ಗೆಲಿಲಿಯೋ ಕಥೆ ನಿಮಗೆ ಗೊತ್ತಿರುತ್ತದೆ. ಪವಿತ್ರಾತ್ಮ ಕಲಿಸುವುದು ಸ್ವರ್ಗಕ್ಕೆ ಹೇಗೆ ಹೋಗಬೇಕು ಅಂತ, ಆಕಾಶ ಹೇಗೆ ಹೋಗುತ್ತದೆ ಅಂತ ಅಲ್ಲ ಅನ್ನುವ ಒಬ್ಬ ಧರ್ಮಗುರುವಿನ ಮಾತನ್ನು ಅವನು 1615ರಲ್ಲಿ ಒಂದು ಪತ್ರದಲ್ಲಿ ನೆನೆದಿದ್ದ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅಂದದ್ದಕ್ಕೆ 1633ರಲ್ಲಿ ಅವನಿಗೆ ಚರ್ಚಿನಿಂದ ಶಿಕ್ಷೆಯಾಯಿತು. ಅಂದಿನ ಧರ್ಮಪಂಡಿತರು ತಪ್ಪು ಮಾಡಿದರು ಅಂತ ಪೋಪ್ ಎರಡನೇ ಜಾನ್ ಪಾಲ್ 1992ರಲ್ಲಿ ಒಪ್ಪಿಕೊಂಡರು. ನಡುವೆ 359 ವರ್ಷ. ನಿಮಗೆ ಅಷ್ಟು ಕಾಯುವ ಅಗತ್ಯ ಇಲ್ಲ. ಕಲ್ಲಿನ ಪದರಗಳನ್ನು ಧೈರ್ಯವಾಗಿ ಓದಿ, ರಾತ್ರಿ ಪ್ರಾರ್ಥನೆ ಮಾಡಿ ಮಲಗಿ.

(ಇದನ್ನು ಬರೆಯುವಾಗ ಹದೀಸಿನ, ಅಂದರೆ ಪ್ರವಾದಿಯವರ ನಡೆನುಡಿಗಳ ಸಂಗ್ರಹದ, ಒಂದು ಪ್ರಸಂಗ ನೆನಪಾಯಿತು. ಪ್ರವಾದಿ ಮುಹಮ್ಮದರ ಪುಟ್ಟ ಮಗ ಇಬ್ರಾಹಿಂ ತೀರಿಕೊಂಡ ದಿನ ಸೂರ್ಯಗ್ರಹಣ ಆಯಿತು. ಮಗು ಹೋದದ್ದಕ್ಕೇ ಸೂರ್ಯ ಕಪ್ಪಾದ ಅಂತ ಜನ ಮಾತಾಡಿಕೊಂಡರು. ಯಾರ ಸಾವಿಗೂ ಯಾರ ಹುಟ್ಟಿಗೂ ಸೂರ್ಯ ಚಂದ್ರರಿಗೆ ಗ್ರಹಣ ಆಗುವುದಿಲ್ಲ ಅಂದರು ಪ್ರವಾದಿ. ಮಗನನ್ನು ಕಳೆದುಕೊಂಡ ದಿನ ಒಬ್ಬ ತಂದೆ ಆಡಿದ ಮಾತು ಅದು.)

ಪ್ರಶ್ನೆ: ಒಂದು ಭಾಗವನ್ನು ಕಥೆ ಅಂದುಬಿಟ್ಟರೆ ಉಳಿದದ್ದನ್ನು ಹೇಗೆ ನಂಬುವುದು? ವಿಜ್ಞಾನವೂ ದಿನಕ್ಕೊಂದು ಹೇಳುತ್ತದಲ್ಲ?

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ವಿಜ್ಞಾನ ಬದಲಾಗುತ್ತದೆ, ನಿಜ. 1862ರಲ್ಲಿ ಭೌತವಿಜ್ಞಾನಿ ಕೆಲ್ವಿನ್ ಭೂಮಿಯ ವಯಸ್ಸು 2 ಕೋಟಿಯಿಂದ 40 ಕೋಟಿ ವರ್ಷದ ಒಳಗೆ ಅಂದಿದ್ದ. ಅದು ತಪ್ಪು ಅಂತ ಆಮೇಲೆ ಗೊತ್ತಾಯಿತು. ಆದರೆ ಬದಲಾದದ್ದು ಯಾರೋ ಅಪ್ಪಣೆ ಕೊಟ್ಟಿದ್ದಕ್ಕಲ್ಲ. ಅಳತೆ ಸುಧಾರಿಸಿದ್ದಕ್ಕೆ. ಭೂಮಿ ಚಪ್ಪಟೆ ಅನ್ನುವುದು ಅದರಲ್ಲಿ ಮತ್ತೆ ವಾಪಸ್ ಬರಲಿಲ್ಲ.

ಇನ್ನು ಮೊದಲನೆಯದು. ಗ್ರಂಥದ ಎಲ್ಲ ವಾಕ್ಯವೂ ಒಂದೇ ಬಗೆಯದ್ದಲ್ಲ ಅಂತ ವೇದವಾಕ್ಯಗಳಿಗೆ ಅರ್ಥ ಹೇಗೆ ಮಾಡಬೇಕು ಅಂತ ವಿಚಾರ ಮಾಡಿದ ನಮ್ಮ ಮೀಮಾಂಸಕರು ಎಂದೋ ಹೇಳಿದ್ದಾರೆ. ಹೊಗಳಲು, ಮನಸ್ಸಿಗೆ ನಾಟಿಸಲು ಬಂದ ಮಾತುಗಳಿಗೆ ಅವರು ಅರ್ಥವಾದ ಅನ್ನುತ್ತಾರೆ. "ಆದಿತ್ಯೋ ಯೂಪಃ" ಅಂತ ಒಂದು ವೇದವಾಕ್ಯ ಇದೆ. ಯಜ್ಞದ ಕಂಬವೇ ಸೂರ್ಯ ಅಂತ. ಕಂಬ ಸೂರ್ಯ ಅಲ್ಲ ಅಂತ ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಕಂಬ ಸೂರ್ಯನಂತೆ ಹೊಳೆಯುತ್ತದೆ ಅಂತ ಅದನ್ನು ಓದಬೇಕು ಅಂದರು. ಶಂಕರಾಚಾರ್ಯರು ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ಇನ್ನೂ ಗಟ್ಟಿಯಾಗಿ ಹೇಳುತ್ತಾರೆ. ಬೆಂಕಿ ತಣ್ಣಗಿದೆ ಅಂತ ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗುವುದಿಲ್ಲ ಅಂತ. ವೇದವನ್ನೇ ನಂಬಿ ಬದುಕಿದವರ ಮಾತು ಇದು.

ಕಠೋಪನಿಷತ್ತನ್ನೇ ತೆಗೆದುಕೊಳ್ಳಿ. ನಚಿಕೇತ ಯಮನ ಮನೆ ಬಾಗಿಲಲ್ಲಿ ಮೂರು ರಾತ್ರಿ ಕಾದ. ಯಮನ ಮನೆ ಎಲ್ಲಿದೆ, ಯಾವ ದಿಕ್ಕಿಗೆ ಎಷ್ಟು ಯೋಜನ ಅಂತ ಹುಡುಕಿಕೊಂಡು ಹೊರಟರೆ ಓದು ಅಲ್ಲೇ ನಿಂತುಹೋಗುತ್ತದೆ. ಅದಕ್ಕಿಂತ ಶುರುವಿನಲ್ಲಿ ಬರುವ ಹಸುಗಳನ್ನು ನೋಡಿ. ಅಪ್ಪ ದಾನ ಕೊಡುತ್ತಿದ್ದಾನೆ. ಕೊನೆಯ ಸಲ ನೀರು ಕುಡಿದಾಗಿದೆ, ಹುಲ್ಲು ಮೇಯ್ದಾಗಿದೆ, ಹಾಲು ಕರೆದಾಗಿದೆ. ಅಂಥ ಹಸುಗಳು. ಸುಮ್ನೆ ಕೊಟ್ಟ ಹಾಗೆ ತೋರಿಸುವ ದಾನ. ಮಗ ಪಕ್ಕದಲ್ಲಿ ನಿಂತು ನೋಡುತ್ತಿದ್ದಾನೆ. "ನನ್ನನ್ನು ಯಾರಿಗೆ ಕೊಡ್ತೀಯಪ್ಪಾ?" ಅಂತ ಒಂದು ಸಲ ಕೇಳುತ್ತಾನೆ, ಎರಡು ಸಲ ಕೇಳುತ್ತಾನೆ, ಮೂರು ಸಲ ಕೇಳುತ್ತಾನೆ. ಅಪ್ಪನಿಗೆ ಸಿಟ್ಟು ಬಂದು "ಯಮನಿಗೆ ಕೊಡ್ತೀನಿ" ಅನ್ನುತ್ತಾನೆ.

ಆ ಮೊದಲ ಕೆಲವು ಸಾಲು ಓದಿ. ಅಪ್ಪನಿಗೆ ಅಷ್ಟು ಸಿಟ್ಟು ಯಾಕೆ ಬಂತು ಅಂತ ನಿಮಗೆ ಅನಿಸಿದ್ದನ್ನು ನನಗೆ ಬರೆಯಿರಿ. ಮುಂದಿನ ತಿಂಗಳು ಅಲ್ಲಿಂದ ಮಾತು ಮುಂದುವರಿಸೋಣ.